ಸ್ಪೋರ್ಟ್ಸ್ ಡೇ ದಿನ ಇವನನ್ನ ಈ ಸಲನೂ ಲಿಸ್ಟ್ ಬರೆಯೋಕೆ ಕೂರಿಸೋಕೆ ಮನಸ್ಸಿಲ್ಲ, ಎಲ್ಲಾ ಮಕ್ಕಳೂ ಆಡೋ ಹಾಗೆ ಹೇಗೆ ಮಾಡೋದು?

ಮದ್ದೂರು_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೇಲಿ ಟೀಚರು. ಒಂದರಿಂದ ಐದನೇ ಕ್ಲಾಸು, ಒಟ್ಟು 58 ಮಕ್ಕಳು, ಮೂರು ಜನ ಟೀಚರ್ಸು, ಪಿಟಿ ಮೇಷ್ಟ್ರು ಇಲ್ಲ. ಡಿಸೆಂಬರ್ ಮೊದಲ ವಾರ ಸ್ಪೋರ್ಟ್ಸ್ ಡೇ ಮಾಡೋಣ ಅಂತ ಹೆಡ್ಮೇಷ್ಟ್ರು ಹೇಳಿದ್ದಾರೆ, ಜವಾಬ್ದಾರಿ ನಂದು.

ನಾಲ್ಕನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದಾನೆ, ಸೆರೆಬ್ರಲ್ ಪಾಲ್ಸಿ, ವಾಕರ್ ಹಿಡ್ಕೊಂಡು ನಡೀತಾನೆ, ಕೈ ಪರವಾಗಿಲ್ಲ, ಬಾಯಂತೂ ತುಂಬಾ ಜೋರು. ಹೋದ ವರ್ಷ ಅವನಿಗೆ ಬೇಜಾರಾಗಬಾರದು ಅಂತ ನಾವೇ ಶಾಮಿಯಾನದ ಕೆಳಗೆ ಕುರ್ಚಿ ಹಾಕಿ ಗೆದ್ದೋರ ಹೆಸರು ಬರೆಯೋ ಕೆಲಸ ಕೊಟ್ಟಿದ್ವಿ. ಚೆನ್ನಾಗೇ ಬರೆದ. ಮೊನ್ನೆ ಸ್ಪೋರ್ಟ್ಸ್ ಡೇ ವಿಷಯ ಕ್ಲಾಸಲ್ಲಿ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು, "ಮಿಸ್, ಈ ಸಲನೂ ನಾನೇ ಬರೀಬೇಕಾ?" ಅವತ್ತಿಂದ ಆ ಮಾತು ತಲೇಲಿ ಕೂತುಬಿಟ್ಟಿದೆ.

ಅವನೊಬ್ಬನೇ ಅಲ್ಲ. ಎರಡನೇ ಕ್ಲಾಸಲ್ಲಿ ಕಿವಿಗೆ ಮೆಷಿನ್ ಹಾಕೋ ಹುಡುಗಿ ಇದ್ದಾಳೆ, ಐದನೇ ಕ್ಲಾಸಲ್ಲಿ ಕಣ್ಣು ಸರಿಯಾಗಿ ಕಾಣದ ಹುಡುಗ, ಬೋರ್ಡ್ ಹತ್ರ ಬಂದ್ರೆ ಮಾತ್ರ ಓದ್ತಾನೆ. ಒಂದನೇ ಕ್ಲಾಸಿಗೆ ಈ ವರ್ಷ ಸೇರಿದ ಮಗು ಒಂದಿದೆ, ಆಟಿಸಂ ಅಂತ ಮೈಸೂರಲ್ಲಿ ಹೇಳಿದ್ದಾರಂತೆ, ಪ್ರೇಯರ್ ಬೆಲ್ ಹೊಡೆದ್ರೂ ಕಿವಿ ಮುಚ್ಕೊಂಡು ಮೂಲೆಗೆ ಓಡುತ್ತೆ. ನಮ್ಮಲ್ಲಿ ಇರೋದು ಒಂದು ಸಾಧಾರಣ ಗ್ರೌಂಡು, ನಾಲೆ ಏರಿ ಪಕ್ಕ, ಅರ್ಧ ಕಲ್ಲು ಅರ್ಧ ಮಣ್ಣು. ದುಡ್ಡೂ ಜಾಸ್ತಿ ಇಲ್ಲ. 100 ಮೀಟರು, ಗೋಣಿಚೀಲದ ಓಟ, ನಿಂಬೆಹಣ್ಣು ಚಮಚ, ಮ್ಯೂಸಿಕಲ್ ಚೇರು, ಇಷ್ಟೇ ನಾವು ಪ್ರತಿ ವರ್ಷ ಮಾಡ್ತಿದ್ದಿದ್ದು. ಇದರಲ್ಲಿ ಏನು ಇಟ್ಕೋಬೇಕು, ಏನು ಬದಲಾಯಿಸಬೇಕು? ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.

ಪೀಟಿ_ಮೇಷ್ಟ್ರು_ನಾಗಮಂಗಲ:

ಮೇಡಂ, ನಮಸ್ಕಾರ. ನಾನು ದೈಹಿಕ ಶಿಕ್ಷಕ, 19 ವರ್ಷ ಆಯ್ತು. ಮೊದಲು ಒಂದು ಮಾತು, ಆ ಹುಡುಗನ ಹತ್ರಾನೇ ಕೂತು ಕೇಳಿ, ನಿಂಗೆ ಯಾವ ಆಟ ಆಡ್ಬೇಕು ಅಂತ. ನಾವು ದೊಡ್ಡೋರು ಕೂತು ಇವನಿಗೆ ಇದು ಆಗುತ್ತೆ ಅದು ಆಗಲ್ಲ ಅಂತ ತೀರ್ಮಾನ ಮಾಡಿಬಿಡ್ತೀವಿ, ಆ ಹೈಕ್ಳ ಮನಸ್ಸಲ್ಲಿ ಬೇರೇನೇ ಇರುತ್ತೆ.

ನಾನು ಮಾಡೋ ರೀತಿ ಹೇಳ್ತೀನಿ. ಯಾವ ಆಟ ತಗೊಂಡ್ರೂ ನಾಲ್ಕು ಜಾಗದಲ್ಲಿ ಕೈ ಹಾಕಬೋದು. ಆಡೋ ಜಾಗ ಹಿಗ್ಗಿಸಬೋದು ಕುಗ್ಗಿಸಬೋದು, ಆಟದ ನಿಯಮ ಸ್ವಲ್ಪ ತಿರುಗಿಸಬೋದು, ಚೆಂಡು ಕೋಲು ಬದಲಾಯಿಸಬೋದು, ಯಾರ ಜೊತೆ ಯಾರು ಅನ್ನೋದನ್ನ ಬದಲಾಯಿಸಬೋದು. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಟ್ರೈನಿಂಗಲ್ಲಿ ಇದನ್ನ ಸ್ಟೆಪ್ ಅಂತಾರೆ. ಇಷ್ಟು ಮಾಡಿದ್ರೆ ಹೊಸ ಆಟ ಹುಡುಕೋದೇ ಬೇಕಾಗಲ್ಲ.

ಉದಾಹರಣೆಗೆ ನಿಮ್ಮ ಓಟ. ಒಬ್ಬೊಬ್ಬರೇ ಓಡೋ 100 ಮೀಟರ್ ಬದಲು ರಿಲೇ ಮಾಡಿ. ಒಂದು ಟೀಮಲ್ಲಿ ಐದು ಜನ, ಎಲ್ಲರ ದೂರವೂ ಒಂದೇ ಆಗಿರ್ಬೇಕು ಅಂತ ಎಲ್ಲೂ ಬರೆದಿಲ್ಲ, ವಾಕರ್ ಹುಡುಗನಿಗೆ 10 ಮೀಟರು, ಒಂದನೇ ಕ್ಲಾಸ್ ಮಗುಗೆ 20, ದೊಡ್ಡೋನಿಗೆ 60. ಆ 10 ಮೀಟರ್ ಮುಗೀದೆ ಟೀಮ್ ಮುಂದಕ್ಕೆ ಹೋಗೋ ಹಾಗಿಲ್ಲ, ಅದೇ ಮುಖ್ಯ, ಅವಾಗ ಟೀಮಿನೋರೇ ಅವನಿಗೆ ಕೂಗ್ತಾರೆ, ಅಯ್ಯೋ ಪಾಪ ಅಂತಲ್ಲ, ಬೇಗ ಬಾರೋ ಅಂತ. ಅವನ 10 ಮೀಟರ್ ಮಾತ್ರ ಪ್ರೇಯರ್ ನಿಲ್ಲೋ ಸಿಮೆಂಟ್ ನೆಲದ ಮೇಲೆ ಬರೋ ಹಾಗೆ ಗೆರೆ ಹಾಕಿ. ಸಡಿಲ ಮಣ್ಣಲ್ಲಿ ವಾಕರ್ ಕಾಲು ಹೂತ್ಕೊಳ್ಳುತ್ತೆ, ಕಲ್ಲಿದ್ರೆ ಮುಗ್ಗರಿಸ್ತಾನೆ. ವಾಕರ್ ಕೆಳಗಿನ ರಬ್ಬರ್ ಬುಶ್ ಸವೆದಿದ್ಯಾ ಅಂತ ಹಿಂದಿನ ದಿನಾನೇ ನೋಡ್ಕೊಳ್ಳಿ.

ಎರಡನೇದು ಬೋಚಾ ಅಂತ ಒಂದು ಆಟ. ಪ್ಯಾರಾಲಿಂಪಿಕ್ಸಲ್ಲಿ 1984ರಿಂದ ಇದೆ, ಸೆರೆಬ್ರಲ್ ಪಾಲ್ಸಿ ಇರೋರಿಗೆ ಅಂತಾನೇ ಶುರುವಾಗಿದ್ದು, ಎಲ್ಲರೂ ಕೂತ್ಕೊಂಡೇ ಆಡೋದು. ಒಂದು ಬಿಳಿ ಚೆಂಡು ಮುಂದೆ ಎಸೀತಾರೆ, ಒಂದು ಕಡೆಗೆ 6 ಕೆಂಪು, ಇನ್ನೊಂದು ಕಡೆಗೆ 6 ನೀಲಿ, ಬಿಳಿ ಚೆಂಡಿಗೆ ಯಾರದ್ದು ಹತ್ರ ನಿಲ್ಲುತ್ತೋ ಅವರಿಗೆ ಪಾಯಿಂಟು. ನಮ್ಮ ಗೋಲಿ ಆಟದ ಅಣ್ಣ ಅನ್ಕೊಳ್ಳಿ. ಅಸಲಿ ಚೆಂಡು 275 ಗ್ರಾಂ ಆಸುಪಾಸು ತೂಗುತ್ತೆ, ಕೊಳ್ಳೋಕೆ ಹೋದ್ರೆ ದುಬಾರಿ. ನಾನು ಹಳೇ ಯೂನಿಫಾರ್ಮ್ ಬಟ್ಟೇಲಿ ಚೀಲ ಹೊಲಿಸಿ ಒಳಗೆ ಹುಣಸೆ ಬೀಜ ತುಂಬಿಸಿದೀನಿ, ನಾಲ್ಕು ವರ್ಷದಿಂದ ಅದೇ ನಡೀತಿದೆ. ಕೈಯಲ್ಲಿ ಎಸೆಯೋಕೂ ಆಗದ ಮಗು ಇದ್ರೆ ನಾಲ್ಕಿಂಚು ಪಿವಿಸಿ ಪೈಪ್ ಉದ್ದಕ್ಕೆ ಸೀಳಿ ಇಳಿಜಾರು ಮಾಡಿ, ಮೇಲಿಂದ ಟೆನ್ನಿಸ್ ಬಾಲ್ ತಳ್ಳಿದ್ರೆ ಸಾಕು, ಪೈಪ್ ಯಾವ ಕಡೆ ತಿರುಗಿಸ್ಬೇಕು ಅಂತ ಆ ಮಗೂನೇ ಹೇಳ್ಬೇಕು. ಚೀಲ ಉರುಳಲ್ಲ, ಅದಕ್ಕೆ ಬಾಲೇ ಬೇಕು. ಬೋರ್‌ವೆಲ್ ಕೆಲಸ ಮಾಡೋರ ಹತ್ರ ತುಂಡು ಪೈಪು ಪುಕ್ಕಟೆ ಸಿಗುತ್ತೆ.

ಮ್ಯೂಸಿಕಲ್ ಚೇರಲ್ಲಿ ಕುರ್ಚಿ ತೆಗೀರಿ, ಮಕ್ಕಳನ್ನ ತೆಗೀಬೇಡಿ. ಉಳಿದಿರೋ ಕುರ್ಚೀಲೇ ಎಲ್ಲರೂ ಹೊಂದ್ಕೊಂಡು ಕೂರಬೇಕು, ಒಬ್ಬರ ತೊಡೆ ಮೇಲೆ ಒಬ್ಬರು ಆದ್ರೂ ಸರಿ. ಔಟ್ ಆಗೋ ಆಟಗಳಲ್ಲಿ ಮೊದಲು ಔಟ್ ಆಗೋದು ಯಾವಾಗಲೂ ಅದೇ ಮಕ್ಕಳು, ಆಮೇಲೆ ಒಂದು ಗಂಟೆ ಅವರಿಗೆ ಬಿಸಿಲಲ್ಲಿ ಕೂರೋದೇ ಸ್ಪೋರ್ಟ್ಸ್ ಡೇ ಆಗೋಗುತ್ತೆ.

ಗೋಣಿಚೀಲ ಬಿಟ್ಟುಬಿಡಿ ಅಂತೀನಿ, ಕಲ್ಲು ನೆಲದಲ್ಲಿ ಯಾರಿಗೂ ಬೇಡ. ಮತ್ತೆ ಗ್ರೌಂಡಲ್ಲಿ ನೆಗ್ಗಿಲು ಮುಳ್ಳು ಇದೆಯಾ ನೋಡಿ, ಮಳೆ ಮುಗಿದ ಮೇಲೆ ಒಣಗಿ ಉದುರಿರುತ್ತೆ, ಬರಿಗಾಲಲ್ಲಿ ಓಡೋ ಮಕ್ಕಳಿಗೆ ನರಕ.

ಕುವೆಂಪುನಗರ_ಅಮ್ಮ:

ನಾನು ಟೀಚರ್ ಅಲ್ಲ, ತಾಯಿ. ನನ್ನ ಮಗಳಿಗೆ ಎರಡೂ ಕಿವಿಗೆ ಮೆಷಿನ್ ಇದೆ, ಮೈಸೂರಲ್ಲಿ ಮಾನಸಗಂಗೋತ್ರಿ ಹತ್ರ ಇರೋ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲೇ ಎರಡೂವರೆ ವರ್ಷದ ಮಗುವಿಂದ ತೋರಿಸ್ತಿದ್ದೀವಿ. ನಿಮ್ಮ ಎರಡನೇ ಕ್ಲಾಸ್ ಹುಡುಗಿ ಬಗ್ಗೆ ಓದಿ ಬರೀಲೇಬೇಕು ಅನ್ನಿಸ್ತು.

ವಿಷಲ್ ಊದಿದ್ರೆ ಅವಳಿಗೆ ಕೇಳುತ್ತೆ ಅಂತ ಅನ್ಕೋಬೇಡಿ. ಮೆಷಿನ್ ಇದ್ರೂ ಗ್ರೌಂಡಿನ ಗಲಾಟೇಲಿ ಯಾವ ಸದ್ದು ಯಾವುದು ಅಂತ ಗೊತ್ತಾಗಲ್ಲ, ಪಕ್ಕದೋರು ಓಡಿದ್ ನೋಡಿ ಆಮೇಲೆ ಓಡ್ತಾಳೆ, ಎರಡು ಸೆಕೆಂಡ್ ಹೋಯ್ತು. ವಿಷಲ್ ಜೊತೆಗೇ ಒಂದು ಕೆಂಪು ಬಾವುಟ ಇಳಿಸಿ, ಎಲ್ಲರಿಗೂ ಬಾವುಟಾನೇ ಸ್ಟಾರ್ಟ್ ಅಂತ ಹೇಳ್ಬಿಡಿ, ಅವಳಿಗೆ ಮಾತ್ರ ಅಂತ ಬೇಡ. ಮ್ಯೂಸಿಕಲ್ ಚೇರಲ್ಲೂ ಹಾಡು ನಿಂತಾಗ ಒಂದು ಟವೆಲ್ ಮೇಲೆತ್ತಿ. ಖೋಖೋ ಆಡಿಸಿದ್ರೆ ಇನ್ನೂ ಒಳ್ಳೇದು, ಅದರಲ್ಲಿ ಬೆನ್ನು ಮುಟ್ಟಿನೇ ಖೋ ಕೊಡೋದಲ್ವ. ನಿಯಮ ಹೇಳೋವಾಗ ನಿಮ್ಮ ಮುಖಕ್ಕೆ ಬಿಸಿಲು ಬೀಳೋ ಹಾಗೆ ನಿಂತ್ಕೊಳ್ಳಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ರೆ ಮಗುಗೆ ನಿಮ್ಮ ತುಟಿ ಕಾಣಲ್ಲ, ಬರೀ ಕಪ್ಪು ಆಕಾರ ಕಾಣುತ್ತೆ. ಮೈಕ್ ಬಾಯಿಗೆ ಅಡ್ಡ ಹಿಡಿದ್ರೂ ಅದೇ ಕಥೆ.

ಮೆಷಿನ್ ಬಗ್ಗೆ, ಬೆವರು ನೀರು ತಾಗಿದ್ರೆ ಹಾಳಾಗುತ್ತೆ, ಆದ್ರೆ ಅದಕ್ಕೇಂತ ಬೆಳಗ್ಗೆನೇ ಬಿಚ್ಚಿಸಿ ಬ್ಯಾಗಲ್ಲಿ ಇಡಿಸಿಬಿಡಬೇಡಿ. ಯಾವ ಆಟಕ್ಕೆ ಹಾಕಿರಬೋದು ಯಾವುದಕ್ಕೆ ಬಿಚ್ಚಬೇಕು ಅಂತ ಅವರಮ್ಮನ್ನ ಕೇಳಿ, ಮುಚ್ಚಳ ಇರೋ ಒಂದು ಒಣ ಡಬ್ಬಿ, ಎಕ್ಸ್‌ಟ್ರಾ ಬ್ಯಾಟರಿ ಒಬ್ಬ ಟೀಚರ್ ಹತ್ರ ಇರಲಿ.

ಇನ್ನೊಂದು ವಿಷಯ, ಇದು ನನ್ನ ಹೊಟ್ಟೆ ಉರಿದಿದ್ದು. ಮೊದಲು ಓದ್ತಿದ್ದ ಸ್ಕೂಲಲ್ಲಿ ಒಂದು ವರ್ಷ ಸ್ಪೆಷಲ್ ಮಕ್ಕಳಿಗೆ ಅಂತ ಬೇರೆ ರೇಸ್ ಇಟ್ಟಿದ್ರು. ಇವಳು, ಇನ್ನಿಬ್ಬರು. ಮೈಕಲ್ಲಿ ಅನೌನ್ಸ್ ಮಾಡಿ, ಬಂದಿದ್ದ ತಂದೆತಾಯಿ ಎಲ್ಲಾ ಎದ್ದು ನಿಂತು ಚಪ್ಪಾಳೆ, ಮೂರು ಜನಕ್ಕೂ ಫಸ್ಟ್ ಪ್ರೈಜು. ಅವರಿಗೆಲ್ಲ ಒಳ್ಳೇ ಮನಸ್ಸೇ ಇತ್ತು, ಅದು ನಂಗೊತ್ತು. ಮನೆಗೆ ಬಂದು ನನ್ನ ಮಗಳು ಕೇಳಿದ್ಲು, ಅಮ್ಮಾ ನನ್ನ ಫ್ರೆಂಡ್ಸ್ ಜೊತೆ ನನ್ನನ್ನ ಯಾಕೆ ಓಡಿಸ್ಲಿಲ್ಲ, ನಾನು ಸೋಲ್ತೀನಿ ಅಂತಾನಾ ಅಂತ. ಅವಳು ಓಟದಲ್ಲಿ ನಮ್ಮ ಬೀದಿ ಹುಡುಗ್ರನ್ನೆಲ್ಲ ಹಿಂದೆ ಹಾಕೋಳು. ದಯವಿಟ್ಟು ಬೇರೆ ರೇಸ್ ಇಡಬೇಡಿ ಮೇಡಂ.

ಸಕ್ಕರೆನಾಡು_ಅಪ್ಪ:

ಎಲ್ಲಾ ಸರಿ, ಆದ್ರೆ ಒಂದು ಅಭಿಪ್ರಾಯ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನನ್ನ ಮಗ ಮಂಡ್ಯದಲ್ಲಿ ಐದನೇ ಕ್ಲಾಸು, ದಿನಾ ಬೆಳಗ್ಗೆ ಸರ್ ಎಂವಿ ಸ್ಟೇಡಿಯಂಗೆ ಹೋಗಿ ಓಡ್ತಾನೆ, ಅವನಿಗೆ ವರ್ಷಕ್ಕೊಂದು ಸಲ ಸ್ಕೂಲಲ್ಲಿ ಫಸ್ಟ್ ಬರೋದು ಅಂದ್ರೆ ದೊಡ್ಡ ವಿಷಯ. ಎಲ್ಲಾ ಆಟನೂ ಬದಲಾಯಿಸಿ ಎಲ್ಲರಿಗೂ ಪ್ರೈಜ್ ಕೊಟ್ರೆ ಓಡೋ ಮಗುಗೆ ಏನು ಉಳೀತು? ಸೋಲೋದನ್ನೂ ಮಕ್ಕಳು ಕಲೀಬೇಕಲ್ವ.

ಪೀಟಿ_ಮೇಷ್ಟ್ರು_ನಾಗಮಂಗಲ:

ಅಣ್ಣ, ನಿಮ್ಮ ಮಾತು ನಾನು ಒಪ್ತೀನಿ, ಸ್ಪರ್ಧೆ ಬೇಡ ಅಂತ ನಾನು ಹೇಳ್ತಿಲ್ಲ. ನಿಮ್ಮ ಮಗನ 100 ಮೀಟರ್ ಇರಲಿ, ಓಡೋಕೆ ಇಷ್ಟ ಇರೋರು ಹೆಸರು ಕೊಟ್ಟು ಓಡಲಿ, ಮೊದಲು ಬಂದೋನಿಗೆ ಮೊದಲ ಬಹುಮಾನ. ಹೋಬಳಿ, ತಾಲೂಕು ಲೆವೆಲ್ಲಿಗೆ ಹೋಗೋ ಮಕ್ಕಳಿಗೆ ಅದು ಬೇಕೇ ಬೇಕು. ನಾನು ಹೇಳ್ತಿರೋದು ಉಳಿದ ಹೊತ್ತಿನ ಬಗ್ಗೆ. ಬೋಚಾದಲ್ಲಿ ವಾಕರ್ ಹುಡುಗ ನಿಮ್ಮ ಮಗನನ್ನ ಸೋಲಿಸಬೋದು, ನಮ್ಮ ಶಾಲೇಲಿ ಹಾಗೇ ಆಗಿದೆ, ಅವಾಗ ನಿಮ್ಮ ಮಗನೂ ಸೋಲು ಕಲ್ತಂಗಾಯ್ತು. ಅಂಗವಿಕಲ ಮಕ್ಕಳಿಗೂ ಸೋಲೋ ಹಕ್ಕಿದೆ. ಮೂರು ಜನಕ್ಕೂ ಫಸ್ಟ್ ಕೊಟ್ಟಿದ್ದೇ ಅಲ್ವಾ ಆ ತಾಯಿಗೆ ನೋವಾಗಿದ್ದು.

ಇನ್ನೊಂದು ದಾರಿ ಇದೆ. ಒಂದು ವಾರ ಮೊದಲು ಪ್ರತಿ ಮಗು 30 ಮೀಟರ್ ಎಷ್ಟು ಸೆಕೆಂಡಲ್ಲಿ ಹೋಗುತ್ತೆ ಅಂತ ಮೊಬೈಲಲ್ಲಿ ನೋಡಿ ಬರ್ಕೊಳ್ಳಿ, ಆ ದಿನ ತನ್ನ ಟೈಮನ್ನ ತಾನೇ ಎಷ್ಟು ಕಮ್ಮಿ ಮಾಡ್ಕೊಂಡ ಅನ್ನೋದಕ್ಕೂ ಒಂದು ಬಹುಮಾನ. ನಮ್ಮ ಪಕ್ಕದ ಹಾಸನ ಜಿಲ್ಲೆ ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸಲ್ಲಿ ಹೈಜಂಪಿಗೆ ಬೆಳ್ಳಿ ತಂದ್ರಲ್ಲ, ಅಂಥೋರು ಹುಟ್ಟೋದು ಮೊದಲು ಶಾಲೆ ಗ್ರೌಂಡಿಗೆ ಇಳಿಸಿದ್ರೇನೇ.

ಸಕ್ಕರೆನಾಡು_ಅಪ್ಪ:

ಸರಿ ಮೇಷ್ಟ್ರೇ, ಹಂಗಾದ್ರೆ ನಂದೇನೂ ತಕರಾರಿಲ್ಲ. 100 ಮೀಟರ್ ತೆಗೆದುಬಿಡ್ತಾರೇನೋ ಅಂತ ಅನ್ಕೊಂಡಿದ್ದೆ. ಹುಣಸೆ ಬೀಜ ಬೇಕಾದ್ರೆ ನಮ್ಮ ಮನೇಲಿ ಒಂದು ಡಬ್ಬ ಇದೆ ಮೇಡಂ, ಮದ್ದೂರಿಗೆ ಬರ್ತಾನೇ ಇರ್ತೀನಿ.

ಬ್ಲಾಕ್_ರಿಸೋರ್ಸ್_ಟೀಚರ್:

ನಾನು ಬಿಐಇಆರ್‌ಟಿ, ಅಂದ್ರೆ ಒಂದು ತಾಲೂಕಲ್ಲಿ ವಿಶೇಷ ಅಗತ್ಯದ ಮಕ್ಕಳನ್ನ ನೋಡ್ಕೊಳ್ಳೋ ರಿಸೋರ್ಸ್ ಟೀಚರ್. ನಿಮ್ಮ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ ಇರುತ್ತಲ್ಲ, ಆ ಬಿಆರ್‌ಸೀಲೂ ನನ್ನಂಥೋರು ಇರ್ತಾರೆ, ಒಂದು ಫೋನ್ ಮಾಡಿ, ಆ ದಿನ ಬಂದು ಕೈ ಜೋಡಿಸಿ ಅಂತ ಕೇಳಿ.

ಹೆಡ್ಮೇಷ್ಟ್ರು ಅಥವಾ ಶಾಲೆ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯೋರು ರಿಸ್ಕ್ ಯಾಕೆ ಅಂತ ಹಿಂದೆ ಸರಿದ್ರೆ ಇದನ್ನ ಹೇಳಿ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನಲ್ಲೇ ಇದೆ, ಶಾಲೆಗೆ ಸೇರಿಸ್ಕೊಂಡ್ರೆ ಸಾಲದು, ಆಟೋಟದಲ್ಲೂ ಬೇರೆ ಮಕ್ಕಳಿಗೆ ಸಮನಾಗಿ ಅವಕಾಶ ಕೊಡ್ಬೇಕು ಅಂತ. ಜಗಳಕ್ಕೆ ಅಲ್ಲ, ನೆನಪಿಸೋಕೆ. ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ, ನಿಮ್ಮ ಸ್ಪೋರ್ಟ್ಸ್ ಡೇ ಅದೇ ವಾರ ಬರುತ್ತೆ, ಆದ್ರೆ ಆ ನೆಪದಲ್ಲಿ ಈ ನಾಲ್ಕು ಮಕ್ಕಳನ್ನ ಸ್ಟೇಜ್ ಮೇಲೆ ನಿಲ್ಲಿಸಿ ಹಾರ ಹಾಕೋ ಕಾರ್ಯಕ್ರಮ ಮಾತ್ರ ಮಾಡಬೇಡಿ.

ಒಂದನೇ ಕ್ಲಾಸ್ ಮಗು ಬಗ್ಗೆ ಯಾರೂ ಬರೆದಿಲ್ಲ. ಆ ಮಗುಗೆ ದೊಡ್ಡ ಕಷ್ಟ ಆಟ ಅಲ್ಲ, ಸದ್ದು. ಮೈಕ್ ಸೆಟ್ಟಿನೋರು ಎರಡು ದೊಡ್ಡ ಬಾಕ್ಸ್ ತಂದು ಬೆಳಗ್ಗೆಯಿಂದ ಹಾಡು ಹಾಕ್ತಾರಲ್ಲ, ಅದನ್ನ ನಿಲ್ಲಿಸಿದ್ರೆ ಅರ್ಧ ಸಮಸ್ಯೆ ಹೋಯ್ತು. 58 ಮಕ್ಕಳಿಗೆ ಬಾಕ್ಸ್ ಯಾಕೆ ಬೇಕು, ಕೈಲಿ ಹಿಡಿಯೋ ಸಣ್ಣ ಮೈಕ್ ಸಾಕು. ಪಟಾಕಿ, ಬಲೂನ್ ಒಡೆಯೋದು ಬೇಡವೇ ಬೇಡ. ಹಿಂದಿನ ದಿನ ಖಾಲಿ ಗ್ರೌಂಡಿಗೆ ಕರ್ಕೊಂಡು ಹೋಗಿ ಇಲ್ಲಿ ಓಡೋದು, ಇಲ್ಲಿ ನೀರು ಕುಡಿಯೋದು, ಇಲ್ಲಿ ಅಮ್ಮ ಕೂರೋದು ಅಂತ ತೋರಿಸಿ, ನಲಿಕಲಿ ಕಾರ್ಡ್ ಮಾಡೋ ಹಾಗೆ ನಾಲ್ಕು ಚಿತ್ರ ಬರೆದು ಒಂದಾದ ಮೇಲೆ ಒಂದು ಏನಾಗುತ್ತೆ ಅಂತ ಕೈಗೆ ಕೊಡಿ. ಒಂದು ರೂಮು ಬಾಗಿಲು ತೆರೆದು ಚಾಪೆ ಹಾಕಿ ಇಡಿ, ಸಾಕಾದಾಗ ಹೋಗಿ ಕೂತು ಮತ್ತೆ ಬರಬೋದು. ಮಾರ್ಚ್‌ಪಾಸ್ಟಲ್ಲಿ ನಿಲ್ಲಲ್ಲ ಅಂದ್ರೆ ಬಲವಂತ ಬೇಡ. ಒಂದೇ ಒಂದು ಆಟ ಆಡಿದ್ರೂ ಆ ಮಗು ಸ್ಪೋರ್ಟ್ಸ್ ಡೇಲಿ ಆಡಿದ ಹಾಗೇನೇ.

ಕೊನೇದಾಗಿ ಒಂದು ಪ್ರಶ್ನೆ. ನಿಮ್ಮ ರಿಜಿಸ್ಟರಲ್ಲಿ ಗೃಹಾಧಾರಿತ ಶಿಕ್ಷಣದ ಮಗು ಇದೆಯಾ? ಶಾಲೆಗೆ ಬರೋಕೇ ಆಗದೆ ಮನೇಲೇ ಇರೋ ಮಗು, ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಇರುತ್ತೆ. ನಾನು ಎಷ್ಟೋ ಶಾಲೇಲಿ ನೋಡಿದೀನಿ, ಇನ್‌ಕ್ಲೂಸಿವ್ ಅಂತ ಬ್ಯಾನರ್ ಹಾಕಿರ್ತಾರೆ, ಆ ಮಗು ಎರಡು ಬೀದಿ ಆಚೆ ಮಂಚದ ಮೇಲೆ ಮಲಗಿ ಮೈಕ್ ಸದ್ದು ಕೇಳ್ತಿರುತ್ತೆ.

ಬೆಳಕು_ಶ್ರೀರಂಗಪಟ್ಟಣ:

ನನಗೆ ಚಿಕ್ಕಂದಿನಿಂದ ಕಣ್ಣು ತುಂಬಾ ಕಮ್ಮಿ ಕಾಣುತ್ತೆ, ಈಗ ಡಿಗ್ರಿ ಮುಗಿಸಿ ಕೆಲಸದಲ್ಲಿದ್ದೀನಿ. ಐದನೇ ಕ್ಲಾಸ್ ಹುಡುಗನ ಪರವಾಗಿ ಎರಡು ಮಾತು.

ಸುಣ್ಣದ ಗೆರೆ ನಮಗೆ ಬಿಸಿಲಲ್ಲಿ ಕಾಣಲ್ಲ, ಮಣ್ಣೂ ಬೆಳ್ಳಗೆ ಹೊಳೆಯುತ್ತೆ. ಒಂದು ತೆಳು ಹಗ್ಗ ನೆಲಕ್ಕೆ ಹಾಸಿ ಮೇಲೆ ಅಗಲದ ಟೇಪ್ ಅಂಟಿಸಿ, ಕಾಲಿಗೆ ತಗುಲುತ್ತೆ. ಗೋಲ್‌ಬಾಲ್ ಅಂತ ಅಂಧರ ಆಟದಲ್ಲಿ ಗೆರೆ ಹಾಕೋದೇ ಹೀಗೆ. ಬೆಳಗ್ಗೆ ಎಂಟೂವರೆಗೆ ಶುರು ಮಾಡಿ ಹನ್ನೊಂದೂವರೆಗೆ ಮುಗಿಸಿಬಿಡಿ, ಆಮೇಲಿನ ಬೆಳಕಲ್ಲಿ ಕಣ್ಣು ಬಿಡೋಕೇ ಆಗಲ್ಲ, ಟೋಪಿ ಹಾಕ್ಕೊಳ್ಳೋಕೆ ಬಿಡಿ.

ಓಡೋಕೆ ಜೊತೆಗಾರ ಬೇಕಾದ್ರೆ ಅವನ ಫ್ರೆಂಡನ್ನೇ ಇಡಿ, ಇಬ್ಬರ ಕೈಗೂ ಒಂದು ಕರ್ಚೀಫಿನ ಎರಡು ತುದಿ. ಜೊತೆಗಾರ ಎಳೀಬಾರದು, ಪಕ್ಕದಲ್ಲಿ ಓಡ್ಬೇಕು, ಗೆರೆ ದಾಟೋವಾಗ ಇವನೇ ಮೊದಲು ದಾಟ್ಬೇಕು, ದೊಡ್ಡ ಸ್ಪರ್ಧೆಗಳಲ್ಲೂ ಅದೇ ನಿಯಮ. ಚೆಂಡಾಟಕ್ಕೆ ಸದ್ದು ಬೇಕು. ಅಂಧರ ಕ್ರಿಕೆಟ್ ಚೆಂಡಲ್ಲಿ ಒಳಗೆ ಬೇರಿಂಗ್ ಗುಂಡು ಇರುತ್ತೆ, ನೆಲದ ಮೇಲೆ ಉರುಳಿಸಿ ಬೌಲ್ ಮಾಡ್ತಾರೆ. ಅದು ಸಿಗಲಿಲ್ಲ ಅಂದ್ರೆ ಪ್ಲಾಸ್ಟಿಕ್ ಚೆಂಡಿಗೆ ತೂತು ಮಾಡಿ ಗೆಜ್ಜೆ ಕಾಳು ಹಾಕಿ ಮುಚ್ಚಿ, ಅದೂ ಆಗಲಿಲ್ಲ ಅಂದ್ರೆ ಚೆಂಡಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿ, ಪರಪರ ಅನ್ನುತ್ತೆ. ಚೆಂಡು ಬರೋವಾಗ ಎಲ್ಲರೂ ಸುಮ್ಮನಿರಬೇಕು. ಮೇಲಿನೋರು ಹೇಳಿದ ಹಾಗೆ ಬಾಕ್ಸ್ ಇಲ್ಲದಿದ್ರೆ ನಮಗೂ ಉಪಕಾರ.

ನನ್ನ ಕಾಲದಲ್ಲಿ ನನ್ನನ್ನೂ ಕೂರಿಸ್ತಿದ್ರು. ಬಹುಮಾನದ ಸ್ಟೀಲ್ ಡಬ್ಬಿ ಕಾಯೋ ಕೆಲಸ. ಐದು ವರ್ಷ ಕಾದೆ. ಡಬ್ಬಿ ಮುಟ್ಟಿ ಮುಟ್ಟಿ ನೋಡ್ತಿದ್ದೆ, ಒಂದೂ ನಂದಾಗಲಿಲ್ಲ. ನೀವು ಆ ಹುಡುಗನ ಮಾತು ಕೇಳಿಸ್ಕೊಂಡಿರಲ್ಲ ಮೇಡಂ, ಅದಕ್ಕೆ ತುಂಬಾ ಥ್ಯಾಂಕ್ಸ್.

ಮದ್ದೂರು_ಟೀಚರ್:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ಮೂರು ದಿನದಿಂದ ಓದಿ ಓದಿ ಬರ್ಕೊಂಡಿದ್ದೀನಿ, ಹೆಡ್ಮೇಷ್ಟ್ರಿಗೂ ತೋರಿಸಿದೆ. ಮೈಕ್ ಬಾಕ್ಸ್ ಕ್ಯಾನ್ಸಲ್, ಆ ದುಡ್ಡಲ್ಲಿ ಎಲ್ಲರಿಗೂ ಮಜ್ಜಿಗೆ, ಪಾನಕ. ರಿಲೇ, ಬೋಚಾ, ಟವೆಲ್ ಎತ್ತೋ ಮ್ಯೂಸಿಕಲ್ ಚೇರು, ಮತ್ತೆ ಹೆಸರು ಕೊಟ್ಟೋರಿಗೆ 100 ಮೀಟರು. ಐದನೇ ಕ್ಲಾಸ್ ಹುಡುಗ ಕರ್ಚೀಫ್ ಹಿಡಿಯೋಕೆ ಫ್ರೆಂಡನ್ನ ಅವನೇ ಆರಿಸ್ಕೊಂಡ.

ರಿಸೋರ್ಸ್ ಟೀಚರ್ ಕೇಳಿದ ಪ್ರಶ್ನೆಗೆ, ಹೌದು, ಇದೆ. ಮೂರನೇ ಕ್ಲಾಸ್ ರಿಜಿಸ್ಟರಲ್ಲಿ ಒಂದು ಹೆಣ್ಣು ಮಗು. ಓದಿದ ಮೇಲೆ ನಾಚಿಕೆ ಆಯ್ತು, ನಾನು ಲಿಸ್ಟಲ್ಲಿ ಅವಳನ್ನ ಸೇರಿಸೇ ಇರಲಿಲ್ಲ. ನೆನ್ನೆ ಸಂಜೆ ಮನೆಗೆ ಹೋಗಿದ್ದೆ. ಕತ್ತು ನಿಲ್ಲಲ್ಲ, ಆದ್ರೆ ಕೈಯಿಂದ ತಳ್ತಾಳೆ. ಪೈಪ್ ಮೇಲಿಂದ ಬಾಲ್ ತಳ್ಳೋದು ಅವಳಿಗೇ ಅಂತ ಅನ್ನಿಸ್ತು. ಅವರಜ್ಜಿ ಮೊದಲು ಬೇಡಮ್ಮ, ಜನ ನೋಡ್ತಾರೆ ಅಂದ್ರು, ಆಮೇಲೆ ಎಷ್ಟೊತ್ತಿಗೆ ಕರ್ಕೊಂಡು ಬರ್ಬೇಕು ಅಂತ ಅವರೇ ಕೇಳಿದ್ರು.

ಈಗ ಒಂದು ತೊಡಕು. ವಾಕರ್ ಹುಡುಗನ್ನ ಕೇಳಿದೆ, ಬೋಚಾ ವಿವರಿಸಿದೆ, ಆಡ್ತೀನಿ ಅಂದ. ಆದ್ರೆ ಅವನಿಗೆ ನಿಜವಾಗಿ ಬೇಕಾಗಿರೋದು ಹಗ್ಗ ಜಗ್ಗಾಟ ಅಂತೆ! ಹೊಸ ವರ್ಷದಲ್ಲಿ ಊರೋರು ಆಡೋದು ನೋಡಿದಾನಂತೆ. ಇದು ಸಾಧ್ಯನಾ ಮೇಷ್ಟ್ರೇ?

ಪೀಟಿ_ಮೇಷ್ಟ್ರು_ನಾಗಮಂಗಲ:

ಸಾಧ್ಯ ಮೇಡಂ. ಎಲ್ಲರನ್ನೂ ಕೂರಿಸಿ ಎಳೆಸಿ. ಎರಡೂ ಕಡೆ ಅಷ್ಟೂ ಮಕ್ಕಳು ನೆಲದ ಮೇಲೆ ಕೂತು, ಕಾಲು ಮುಂದೆ ಚಾಚಿ, ಯಾರೂ ಏಳೋ ಹಾಗಿಲ್ಲ. ಕಲ್ಲಿಲ್ಲದ ಜಾಗ ನೋಡಿ ಭತ್ತದ ಹುಲ್ಲು ದಪ್ಪಕ್ಕೆ ಹಾಸಿ. ಅವನನ್ನ ಮಧ್ಯದಲ್ಲಿ ಕೂರಿಸಿ, ಹಿಂದೆ ಮುಂದೆ ಗಟ್ಟಿ ಹುಡುಗ್ರು ಇರಲಿ. ಹಗ್ಗ ದಪ್ಪ ಇರಬೇಕು, ನೈಲಾನ್ ಬೇಡ, ಕೈ ಕುಯ್ಯುತ್ತೆ, ಯಾರೂ ಕೈಗೋ ಸೊಂಟಕ್ಕೋ ಸುತ್ಕೋಬಾರದು, ಇದನ್ನ ಎರಡು ಸಲ ಹೇಳಿ. ಅವರಮ್ಮನಿಗೂ ಡಾಕ್ಟ್ರಿಗೂ ಒಂದು ಮಾತು ಕೇಳಿಬಿಡಿ, ಸೊಂಟದ ಕೀಲು ಹೇಗಿದೆ ಅಂತ. ವಿಷಲ್ ಊದಿದ ತಕ್ಷಣ ಬಿಡದೆ ನಿಧಾನಕ್ಕೆ ಸಡಿಲಿಸೋದನ್ನ ಅಭ್ಯಾಸ ಮಾಡಿಸಿ.

ಮದ್ದೂರು_ಟೀಚರ್:

ಇವತ್ತು ಮಧ್ಯಾಹ್ನ ಅವರಮ್ಮನ್ನ ಕರೆಸಿ ಮಾತಾಡಿದೆ, ಸೋಮವಾರ ಮಂಡ್ಯದ ಮಿಮ್ಸ್ ಆಸ್ಪತ್ರೇಲಿ ಚೆಕಪ್ ಇದೆ, ಅಲ್ಲೇ ಕೇಳ್ಕೊಂಡು ಬರ್ತಾರಂತೆ. ಹಗ್ಗ ಹಾಲಿನ ಡೈರಿ ಪಕ್ಕದ ಮನೇಲಿ ಇದೆ, ತೇರು ಎಳೆದಿದ್ದ ಹಳೇ ತುಂಡು, ಕೇಳಿದೆ, ಕೊಡ್ತಾರೆ. ಹುಲ್ಲು ಮಕ್ಕಳೇ ತರ್ತಾರೆ. ಅವನಿಗೆ ಡಾಕ್ಟ್ರು ಹೂಂ ಅಂದ್ರೆ ಮಾತ್ರ ಅಂತ ಹೇಳಿದ್ದೀನಿ. ಅಷ್ಟರಲ್ಲಿ ಅವನು ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಟೀಮ್ ಬರೆದುಬಿಟ್ಟಿದ್ದಾನೆ, ಹತ್ತು ಹೆಸರು, ಅವನದ್ದು ಆರನೇದು.